ಸಾಹುಕಾರನ ಹನ್ನೆರಡು ಗಂಟೆ

"ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಈಗ ನೀವೆಲ್ಲ ಒಟ್ಟಿಗೆ ಹೇಳಿದಿರಿ. ಚೆನ್ನಾಗಿ ಹೇಳಿದಿರಿ. ಆದರೆ ಯಾರ ಊಟವನ್ನು ಬಲ್ಲವನು? ತನ್ನ ಊಟವನ್ನೋ, ಪಕ್ಕದವನ ಊಟವನ್ನೋ? ಇದಕ್ಕೊಂದು ದೃಷ್ಟಾಂತ ಹೇಳುತ್ತೇನೆ. ಹಿಂದೆ ಮಠದ ಕಂಬಕ್ಕೆ ಒರಗಿದವರು ಸ್ವಲ್ಪ ಎದ್ದು ಕೂತುಕೊಳ್ಳಿ.

ಮಂಡಕ್ಕಿ ಹುರಿಯುವ ಭಟ್ಟಿಗಳ ಊರೊಂದರಲ್ಲಿ ಒಬ್ಬ ಸಾಹುಕಾರನಿದ್ದ. ಹೆಸರು ಬೇಡ. ಹೆಸರು ಹೇಳಿದರೆ ನೀವು ಅವನನ್ನು ನೆನೆಯುತ್ತೀರಿ, ನಿಮ್ಮನ್ನು ಮರೆಯುತ್ತೀರಿ. ವಯಸ್ಸು ಐವತ್ತೆರಡು, ತೂಕ ನೂರೆಂಟು ಕೆ.ಜಿ. ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ, ಹೆಂಡತಿ ಬರಬೇಕು. ಒಂದು ದಿನ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಯಿತು. ಹೆದರಿದ. ಹೆದರಿ, ಊರಲ್ಲಿ ಜಿಮ್ ನಡೆಸುತ್ತಿದ್ದ ಒಬ್ಬ ಕೋಚ್ ಹತ್ತಿರ ಹೋದ.

ಈ ಕೋಚ್ ಬಂದವರಿಗೆಲ್ಲ ಕೂಡಲೇ ಡಯಟ್ ಚೀಟಿ ಹರಿದು ಕೊಡುವವನಲ್ಲ. ಒಂದು ವಾರ ಬರೀ ಪ್ರಶ್ನೆ ಕೇಳಿದ. ಎಷ್ಟಕ್ಕೆ ಏಳುತ್ತೀರಿ, ಏನು ಕೆಲಸ, ಯಾವಾಗ ಹಸಿವು? ಆಮೇಲೆ ಹೇಳಿದ: "ಸಾಹುಕಾರ್ರ, ದುಡಿದಷ್ಟು ಉಣ್ಣಬೇಕು, ಹಸಿದಾಗ ಉಣ್ಣಬೇಕು. ಇದು ಎಲ್ಲಾರಿಗೂ ಒಂದ. ನೀವು ಕುಂತು ಉಣ್ಣೋರು, ಗಡಿಯಾರ ನೋಡಿ ಉಣ್ತೀರಿ. ನಿಮಗ ಬೆಳಿಗ್ಗೆ ಹಸಿವ ಆಗಂಗಿಲ್ಲ. ಅದಕ್ಕ ನೀವು ಮಧ್ಯಾಹ್ನ ಹನ್ನೆರಡರ ತನಕ ಬಾಯಿ ಕಟ್ರಿ."

ಎರಡು ಮಾತು ಹೇಳಿದ, ನೋಡಿ. ಮೊದಲನೆಯದು ತತ್ವ. ಎರಡನೆಯದು ಆ ತತ್ವಕ್ಕೆ ಹೋಗುವ ಒಂದು ದಾರಿ, ಅದೂ ಆ ಒಬ್ಬನಿಗೆ. ಸಾಹುಕಾರನ ಕಿವಿಗೆ ಬಿದ್ದದ್ದು ಯಾವುದು? ಹನ್ನೆರಡು ಗಂಟೆ ಮಾತ್ರ.

ಎಂಟು ತಿಂಗಳಲ್ಲಿ ಇಪ್ಪತ್ತೆರಡು ಕೆ.ಜಿ. ಇಳಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಮದುವೆಗೆ ಹೋದರೂ ಹನ್ನೆರಡು ಗಂಟೆ, ನಾಮಕರಣಕ್ಕೆ ಹೋದರೂ ಹನ್ನೆರಡು ಗಂಟೆ. ಸಾವಿನ ಮನೆಗೆ ಹೋಗಿ, "ಪಾಪ, ಬೆಳಿಗ್ಗೆ ತಿಂಡಿ ಬಿಟ್ಟಿದ್ದರೆ ಇನ್ನೂ ಹತ್ತು ವರ್ಷ ಇರತಿದ್ದ" ಅಂದ! ನಗಿ, ನಗಿ. ನಗು ಮುಗಿದ ಮೇಲೆ ಮುಂದೆ ಹೇಳುತ್ತೇನೆ.

ಅವನ ಭಟ್ಟಿಯಲ್ಲಿ ಹದಿನಾಲ್ಕು ಜನ ದುಡಿಯುತ್ತಿದ್ದರು. ಬೆಳಗಿನ ಜಾವ ಒಲೆ ಹತ್ತಿದರೆ ಕಾದ ಮರಳಿನಲ್ಲಿ ಅಕ್ಕಿ ಹುರಿಯುವುದು, ಜರಡಿ ಹಿಡಿಯುವುದು, ಚೀಲ ಹೊರುವುದು. ಎಂಟೂವರೆಗೆ ಎಲ್ಲರಿಗೂ ಬಿಸಿ ನುಚ್ಚು, ಮಜ್ಜಿಗೆ. ಸಾಹುಕಾರನ ಅಪ್ಪ ಹಾಕಿಕೊಟ್ಟ ಪದ್ಧತಿ ಅದು. ಒಂದು ಸೋಮವಾರ ಸಾಹುಕಾರ ನುಚ್ಚಿನ ಹಂಡೆಯನ್ನು ಬೋರಲು ಹಾಕಿಸಿದ. ಜಿಪುಣತನಕ್ಕಲ್ಲ ಕಣ್ರೀ! ಮಧ್ಯಾಹ್ನದ ಊಟಕ್ಕೆ ಮೊಟ್ಟೆ, ಕಾಳು ಎಲ್ಲ ಹೆಚ್ಚಿಸಿದ. ತನಗೆ ಸಿಕ್ಕ ಆರೋಗ್ಯ ಇವರಿಗೂ ಸಿಗಲಿ ಅಂತ ನಿಜವಾಗಿಯೂ ಬಯಸಿದ. ಕೆಟ್ಟವನಾಗಿದ್ದರೆ ಈ ಕಥೆ ಹೇಳುವ ಕೆಲಸವೇ ಇರಲಿಲ್ಲ.

ಜರಡಿ ಹಿಡಿಯುವ ಕೊಟ್ರಮ್ಮ ಎಂಬ ಹೆಂಗಸು ಮೂರನೆಯ ದಿನ ಮೆಲ್ಲಗೆ ಕೇಳಿದಳು: "ದಣೇರ, ಒಂದು ಬೊಗಸಿ ನುಚ್ಚಾದ್ರೂ ಕೊಡಸ್ರಿ. ಒಲಿ ಮುಂದ ಕಣ್ಣು ಕತ್ತಲಿ ಬರತಾವು."

"ಬಾಯಿ ಕಟ್ಟಾಕ ಬರಂಗಿಲ್ಲ ನಿನಗ. ನನ್ನ ನೋಡು. ನೂರೆಂಟು ಕೆ.ಜಿ. ಇದ್ದಾಂವ ನಾನ ಕಟ್ಟೀನಿ. ನಿನ್ನ ಹಿಡಿಯಷ್ಟು ಹೊಟ್ಟಿ ಕಟ್ಟಾಕ ಆಗಂಗಿಲ್ಲೇನು?" ಎಂದ ಸಾಹುಕಾರ. ದಣಿ ನಕ್ಕ ಮೇಲೆ ಆಳುಗಳೂ ನಗಬೇಕಲ್ಲ, ನಕ್ಕರು.

ಮುಂದಿನ ವಾರ ಚೀಲಗಳ ಹಿಂದೆ ಕೊಟ್ರಮ್ಮ ಸೆರಗಿನಲ್ಲಿ ಮಂಡಕ್ಕಿ ಇಟ್ಟುಕೊಂಡು ಮುಕ್ಕುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು. ಹೊರಗೆ ಕರೆದ. ಹದಿಮೂರು ಜನರ ಮುಂದೆ ಸೆರಗು ಕೊಡವಿಸಿದ. ಮಂಡಕ್ಕಿ ನೆಲಕ್ಕೆ ಬಿತ್ತು. "ನಿನ್ನ ಆರೋಗ್ಯಕ್ಕ ನೀನ ಕಳ್ಳಿ" ಎಂದ. ಆ ಮಾತು ಅವನಿಗೆ ಬಹಳ ಚೆನ್ನಾಗಿದೆ ಅನ್ನಿಸಿತ್ತು. ಮನೆಗೆ ಹೋಗಿ ಹೆಂಡತಿಗೂ ಹೇಳಿದ.

ಅವಳು ಮತ್ತೆ ಮುಕ್ಕಲಿಲ್ಲ. ಐದನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಒಲೆಯ ಮುಂದೆ ತಲೆ ಸುತ್ತಿ ಬಿದ್ದಳು. ಬಲಗೈ ಮೊಣಕೈವರೆಗೆ ಕಾದ ಮರಳಿಗೆ ಹೋಯಿತು.

ಸಾಹುಕಾರ ಆಸ್ಪತ್ರೆಗೆ ಓಡಿದ. ದಾರಿಯಲ್ಲಿ ಕೋಚನನ್ನೂ ಕರೆದುಕೊಂಡ. ಕಾರಿನಲ್ಲಿ ಕೂತು ಕೇಳಿದ: "ನೀ ಹೇಳಿದ್ದನ್ನ ಮಾಡಿಸಿದೆ. ಎಲ್ಲಿ ತಪ್ಪಾತು?"

ಕೋಚ್ ತಿರುಗಿ ಕೇಳಿದ: "ಹನ್ನೆರಡರ ಒಳಗ ನೀವು ಏನು ಎತ್ತತೀರಿ?"

"ಪೇಪರು, ಫೋನು."

"ಆಕಿ ಜರಡಿ ಎಷ್ಟು ತೂಕ ಐತಿ?"

ಸಾಹುಕಾರನಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಆ ಭಟ್ಟಿಯ ಯಜಮಾನ, ಒಂದು ದಿನವೂ ಜರಡಿ ಎತ್ತಿ ನೋಡಿರಲಿಲ್ಲ. ತನ್ನ ತೂಕ ಮಾತ್ರ ಗ್ರಾಮಿನ ಲೆಕ್ಕದಲ್ಲಿ ಗೊತ್ತಿತ್ತು. ಕಿಟಕಿಯ ಕಡೆ ಮುಖ ತಿರುಗಿಸಿದ.

ವಾರ್ಡಿನ ಬಾಗಿಲಲ್ಲಿ ನಿಂತಾಗ ಅವನಿಗೆ ಒಂದೇ ಆಸೆ. ಅವಳು ಬೈಯಲಿ. ಶಾಪ ಹಾಕಲಿ. ಬೈಗುಳ ತಿಂದರೆ ಎದೆಯ ಭಾರವಾದರೂ ಇಳಿದೀತು ಅಂದುಕೊಂಡ. ಕೊಟ್ರಮ್ಮ ಕೈತುಂಬ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದಳು. ಇವನನ್ನು ಕಂಡವಳೇ ಏಳಲು ನೋಡಿದಳು, ಆಗಲಿಲ್ಲ. ಸುಡದೆ ಉಳಿದ ಎಡಗೈಯಿಂದ ಸೆರಗು ತಲೆಗೆ ಎಳೆದುಕೊಂಡು ಹೇಳಿದಳು:

"ತಪ್ಪಾತ್ರಿ ದಣೇರ. ನನಗ ಬಾಯಿ ಕಟ್ಟಾಕ ಬರಲಿಲ್ಲ."

ಕ್ಷಮೆ ಕೇಳಲು ಬಂದವನ ಹತ್ತಿರ ಅವಳೇ ಕ್ಷಮೆ ಕೇಳಿದಳು! ಸಾಹುಕಾರನಿಗೆ ಆದ ನಾಚಿಕೆ ಎಂಥದ್ದು ಅಂದರೆ, ನೆಲ ಬಿರಿದು ಬಾಯಿ ತೆರೆದಿದ್ದರೆ ಇಳಿದುಬಿಡುತ್ತಿದ್ದ. ತೆರೆಯಲಿಲ್ಲ. ನಿಂತೇ ಇದ್ದ. "ನಂದು ತಪ್ಪು" ಎಂಬ ಎರಡು ಮಾತು ಹೊರಬರುವಷ್ಟರಲ್ಲಿ ಅವಳಿಗೆ ಮಂಪರು ಹತ್ತಿತ್ತು.

ನುಚ್ಚಿನ ಹಂಡೆ ಮರುದಿನವೇ ಒಲೆ ಏರಿತು. ಅವಳ ಕೈ ವಾಸಿಯಾಗುವ ತನಕ ಅವಳ ಮನೆಯ ಖರ್ಚು ನೋಡಿಕೊಂಡ. ಮುಂದೆ ಒಂದು ದಿನ ಅವಳ ಎದುರು ಕೂತು ತಪ್ಪನ್ನೂ ಒಪ್ಪಿಕೊಂಡ. ಎಲ್ಲ ಸರಿಯಾಯಿತು ಅಂತೀರಾ? ಕೇಳಿ. ಎಂಟೂವರೆಗೆ ಜನ ಉಣ್ಣುವಾಗ ಸಾಹುಕಾರ ಭಟ್ಟಿಗೆ ಕಾಲಿಟ್ಟರೆ, ಅವರ ಬಾಯಿ ಅಗಿಯುವುದನ್ನು ನಿಲ್ಲಿಸುತ್ತಿತ್ತು. ತುತ್ತು ಕೆನ್ನೆಯಲ್ಲೇ ಇರುತ್ತಿತ್ತು. ಅವನು ಹೋಗುವ ತನಕ ಯಾರೂ ನುಂಗುತ್ತಿರಲಿಲ್ಲ. ಆ ಶಿಕ್ಷೆಯನ್ನು ಯಾವ ಕೋರ್ಟೂ ಕೊಡಲಾರದು.

ಈಗ ನಿಮ್ಮ ಕಡೆ ಬರುತ್ತೇನೆ. ಯಾಕೆ ತಲೆ ತಗ್ಗಿಸಿದಿರಿ? ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ ಮನೆಮಂದಿಗೆಲ್ಲ ಅನ್ನ ಬಿಡಿಸಿದವರು ಇಲ್ಲಿಲ್ಲವೇ? ಬಸುರಿ ಸೊಸೆಗೆ "ನಾವೆಲ್ಲ ಮಾಡಿಲ್ವಾ" ಅಂತ ನೀರೂ ಕುಡಿಸದೆ ಉಪವಾಸ ಮಾಡಿಸಿದವರು ಇಲ್ಲಿಲ್ಲವೇ? ನಾನೂ ಮಾಡಿದ್ದೇನೆ. ಸಕ್ಕರೆ ಕಾಯಿಲೆಯ ಒಬ್ಬ ತಾಯಿಗೆ, ಅವಳ ಔಷಧಿ ಏನೆಂದೂ ಕೇಳದೆ, ಇದೇ ಪೀಠದಿಂದ ಐದು ಸೋಮವಾರ ಉಪವಾಸ ಮಾಡಲು ಹೇಳಿದ್ದೆ. ಎರಡನೆಯ ಸೋಮವಾರ ಅವಳನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಬದುಕಿದಳು, ನನ್ನ ಪುಣ್ಯ. ಆದರೂ ಅವಳು ಬಂದು ಕೂತರೆ ಇವತ್ತಿಗೂ ನಾನು ಆ ಕಡೆ ನೋಡಿ ಮಾತಾಡಲಾರೆ.

ತತ್ವ ಒಂದೇ, ದಾರಿ ಆಳಿಗೊಂದು. ನಿಮಗೆ ಒಗ್ಗಿದ ದಾರಿಯಲ್ಲಿ ನೀವು ನಡೆಯಿರಿ, ಸಂತೋಷ. ಇನ್ನೊಬ್ಬರನ್ನು ಆ ದಾರಿಗೆ ಎಳೆಯುವ ಮುಂಚೆ ಅವರ ಜರಡಿಯನ್ನು ಒಂದು ಸಲ ಎತ್ತಿ ನೋಡಿ. ಎಷ್ಟಕ್ಕೆ ಎದ್ದೆ, ಏನು ಹೊತ್ತೆ, ಹಸಿವಾಗಿದೆಯಾ ಎಂದು ಕೇಳಿ. ಕೇಳಿ, ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡಿರಿ. ನಾವು ಕಟ್ಟಬೇಕಾದ ಬಾಯಿ ಅದು.

ನಾಳೆ ಬೆಳಿಗ್ಗೆ ನೀವು ಅಡುಗೆಮನೆಗೆ ಕಾಲಿಟ್ಟಾಗ, ನಿಮ್ಮನ್ನು ಕಂಡು ಯಾರು ಅಗಿಯುವುದನ್ನು ನಿಲ್ಲಿಸುತ್ತಾರೆ, ನೋಡಿ. ಅಲ್ಲೇ ಕೂತುಕೊಳ್ಳಿ. ಅವರು ತಪ್ಪಾಯಿತು ಅನ್ನುವ ಮೊದಲು ನೀವು ಅನ್ನಿ. ಅಂದು, ನಿಮ್ಮ ಕೈಯಾರೆ ಬಡಿಸಿ.