ಹದಿನೇಳು ಜನ ನನ್ನ ಹಿಂದೆ ನಿಂತ ದಿನ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಸಂಗಾತಿ ಡೊಮಿತಿಲಾ ಅವರೇ, ಹಳೆಯ ಸೋಲನ್ನು ಮರೆತು ನೆರೆಯ ಪಾಲ್ಮಾರೆಹೊದಿಂದ ಬಂದಿರುವ ಅತಿಥಿಗಳೇ, ಇಂದು ಸನ್ಮಾನ ಸ್ವೀಕರಿಸಲಿರುವ ನಮ್ಮ ನಿಕಾನೋರ್ ಅವರೇ, ಮರದ ಕೆಳಗಿನ ಬೆಂಚಿನ ಸದಸ್ಯರೇ, ಆ ಸದಸ್ಯರನ್ನು ಊಟಕ್ಕೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ ಅವರ ಮನೆಯವರೇ, ಸಭಿಕರೇ,

ನಾನು ಈಗ ಹೇಳಬೇಕಾದ ಕಥೆಯನ್ನು ಮೊದಲು ಹೇಳಿದವನು ನಮ್ಮ ಕ್ಷೌರಿಕ ಗುಮೆರ್ಸಿಂದೊ. ಹೇಳಿದ್ದು ಎಂಬತ್ತೇಳನೇ ಇಸವಿಯ ಮಾರ್ಚ್ ತಿಂಗಳಲ್ಲಿ, ಒಂದು ಸೋಮವಾರ ಸಂಜೆ, ತನ್ನ ಅಂಗಡಿಯ ಬಾಗಿಲಲ್ಲಿ ನಿಂತು, ಕೈಯಲ್ಲಿ ಕ್ಷೌರದ ಕತ್ತಿ ಹಿಡಿದುಕೊಂಡು. ಕತ್ತಿ ಇದ್ದದ್ದರಿಂದ ಯಾರೂ ನಡುವೆ ಬಾಯಿ ಹಾಕಲಿಲ್ಲ. ಅಂದಿನಿಂದ ಮೂವತ್ತೆಂಟು ವರ್ಷ, ಬೆಂಚಿನ ಪ್ರತಿ ವಾರ್ಷಿಕೋತ್ಸವದಲ್ಲೂ ಅವನೇ ಅದನ್ನು ಹೇಳುತ್ತಾ ಬಂದ. ನಮ್ಮ ಕಾರ್ಖಾನೆಯ ಬೇಸ್‌ಬಾಲ್ ತಂಡ ಪಾಲ್ಮಾರೆಹೊವನ್ನು ಸೋಲಿಸಿ ಪ್ರಾಂತ್ಯದ ಕಪ್ ತಂದ ಕಥೆ. ಎಡಗೈ ನಿಕಾನೋರ್ ಆರು ಇನಿಂಗ್ಸ್‌ವರೆಗೆ ಒಬ್ಬನನ್ನೂ ಓಡಲು ಬಿಡದೆ, ಏಳನೆಯದರಲ್ಲಿ ತಾನಾಗಿ ಚೆಂಡನ್ನು ಮುದುಕ ಫ್ಲೊರೆಂಸಿಯೊನ ಕೈಗಿಟ್ಟು, ನಗುತ್ತಾ ಮೈದಾನದಿಂದ ಹೊರನಡೆದ ಕಥೆ. ಅದನ್ನು ಕೇಳಿ ನೀವು ಚಪ್ಪಾಳೆ ತಟ್ಟಿದ್ದೀರಿ. ನಾನೂ ತಟ್ಟಿದ್ದೇನೆ.

ಕಳೆದ ಡಿಸೆಂಬರಿನಲ್ಲಿ ಗುಮೆರ್ಸಿಂದೊ ತೀರಿಕೊಂಡ. ಈ ವರ್ಷ ಕಥೆ ಹೇಳುವ ಕೆಲಸ ನನಗೆ ಬಂತು. ಮೊನ್ನೆ ಡೊಮಿತಿಲಾ ಅವರು ಮನೆಗೆ ಬಂದು, "ಎಪಿಫಾನಿಯೊ, ಅವತ್ತು ಇದ್ದೋರಲ್ಲಿ ಮಾತಾಡೋ ತ್ರಾಣ ಇರೋನು ನೀನೊಬ್ನೇ. ಹತ್ತು ನಿಮಿಷ ಮಾತಾಡು, ಫಲಕ ಕೊಡು, ಇಳಿದುಬಿಡು. ನಿನ್ನ ಮೊಮ್ಮಕ್ಕಳ ವಿಷಯ ಎತ್ತಬೇಡ" ಅಂದರು. ಮೊಮ್ಮಕ್ಕಳ ವಿಷಯ ಎತ್ತುವುದಿಲ್ಲ, ಅಧ್ಯಕ್ಷರೇ. ಆದರೆ ಹತ್ತು ನಿಮಿಷ ಸಾಲುವುದಿಲ್ಲ. ಏಕೆಂದರೆ ಗುಮೆರ್ಸಿಂದೊ ಹೇಳಿದ ಕಥೆ ನಿಜವಲ್ಲ. ಅದು ನಿಜವಲ್ಲ ಎಂದು ಈ ಸಭಾಂಗಣದಲ್ಲಿ ಇಬ್ಬರಿಗೆ ಗೊತ್ತು. ಒಬ್ಬ ನಿಕಾನೋರ್, ಇನ್ನೊಬ್ಬ ನಾನು. ಈ ಫಲಕದ ಮೇಲೆ "ಕಪ್ ತಂದ ಎಡಗೈಗೆ" ಎಂದು ಕೆತ್ತಿಸಿದ್ದೀರಿ. ಇದನ್ನು ಅವನ ಕೈಗೆ ಕೊಡುವ ಮೊದಲು ನಾನು ಆ ಎಡಗೈಗೆ ಏನು ಮಾಡಿದೆ ಎನ್ನುವುದನ್ನು ನಿಮಗೆ ಹೇಳಬೇಕು.

ನನ್ನ ಕೆಲಸ ಏನಾಗಿತ್ತು? ಹಿರಿಯರಿಗೆ ಗೊತ್ತು, ಕಿರಿಯರಿಗೆ ಹೇಳುತ್ತೇನೆ. ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಅದರ ಸೀಟಿ ಊದುತ್ತಿದ್ದವನು ನಾನು. ನಾನು ಹಗ್ಗ ಎಳೆದರೆ ಎರಡು ಸಾವಿರ ಜನ ಹಾಸಿಗೆಯಿಂದ ಏಳುತ್ತಿದ್ದರು, ಮತ್ತೊಮ್ಮೆ ಎಳೆದರೆ ಊಟಕ್ಕೆ ಕೂರುತ್ತಿದ್ದರು. ಆದರೆ ಸೀಟಿಯ ಮನೆಯಿಂದ ಹೊರಗೆ ಬಂದರೆ ನನ್ನ ಮಾತನ್ನು ಯಾರು ಕೇಳುತ್ತಿದ್ದರು? ಮನೆಯಲ್ಲಿ ಹೆಂಡತಿ ಕೇಳುತ್ತಿರಲಿಲ್ಲ. ಕೋಳಿಗಳೂ ಕೇಳುತ್ತಿರಲಿಲ್ಲ. ಆಟದ ವಾದ ನಡೆಯುವ ಬೆಂಚಿನಲ್ಲಂತೂ ಗುಮೆರ್ಸಿಂದೊ ಇರುವಾಗ ಇನ್ನೊಬ್ಬರ ಮಾತಿಗೆ ಜಾಗವೇ ಇರಲಿಲ್ಲ.

ಬೆಂಚಿನ ಕಟ್ಟುಪಾಡುಗಳು ನಿಮಗೆ ತಿಳಿದೇ ಇವೆ. ಮಾತಾಡುವವನು ನಿಂತು ಮಾತಾಡಬೇಕು. ತನ್ನ ಮಗನ ಪರ, ತಮ್ಮನ ಪರ ಯಾರೂ ವಾದಿಸಬಾರದು. ಆಟಗಾರನ ಮೈನೋವಿನ ಸುದ್ದಿ ಬೆಂಚಿಗೆ ತರಬಾರದು, ಏಕೆಂದರೆ ರೊಟ್ಟಿ ಕೊಳ್ಳುವ ನೆಪದಲ್ಲಿ ಪಾಲ್ಮಾರೆಹೊದವರು ಬಂದು ಕಿವಿ ನಿಮಿರಿಸಿಕೊಂಡು ನಿಂತಿರುತ್ತಿದ್ದರು. ಅತಿಥಿಗಳು ನಗುತ್ತಿದ್ದಾರೆ, ಅಂದರೆ ನಿಜ. ಕೊನೆಗೆ, ವಾದ ಮುಗಿದ ಮೇಲೆ, ಯಾರ ಮಾತು ಸರಿ ಎನಿಸಿತೋ ಅವರ ಬೆನ್ನ ಹಿಂದೆ ಹೋಗಿ ನಿಲ್ಲಬೇಕು. ಕೈ ಎತ್ತುವುದಲ್ಲ, ಚೀಟಿ ಬರೆಯುವುದಲ್ಲ, ನಡೆದು ಹೋಗಿ ನಿಲ್ಲಬೇಕು.

ಅದು ಬರೀ ಹರಟೆಯಾಗಿತ್ತೇ? ಅಲ್ಲ. ತಂಡದ ಕೋಚ್ ಬೆಲಾರ್ಮಿನೊ ಪ್ರತಿ ಗುರುವಾರ ಮಧ್ಯಾಹ್ನ ಗುಮೆರ್ಸಿಂದೊನ ಕುರ್ಚಿಯಲ್ಲಿ ಮುಖದ ಮೇಲೆ ಬಿಸಿ ಟವಲು ಹಾಕಿಸಿಕೊಂಡು ಮಲಗಿರುತ್ತಿದ್ದ. ಕಿಟಕಿಯಾಚೆಗೇ ಬೆಂಚು. ಭಾನುವಾರ ಯಾರು ಮೊದಲ ಚೆಂಡು ಎಸೆಯಬೇಕು ಎಂದು ನಾವು ವಾದ ಮಾಡುತ್ತಿದ್ದೆವು, ಅವನು ಟವಲಿನೊಳಗಿಂದ ಕೇಳುತ್ತಿದ್ದ. ಕೇಳಿದೆ ಎಂದು ಒಮ್ಮೆಯೂ ಒಪ್ಪಲಿಲ್ಲ. ಆದರೆ ಬೆಂಚು ಯಾರ ಹೆಸರು ಹೇಳಿತೋ ಭಾನುವಾರ ಅವನೇ ಮೈದಾನದ ನಡುವೆ ನಿಂತಿರುತ್ತಿದ್ದ. ವಾದ ಮುಗಿಯದಿದ್ದರೆ ಬೆಲಾರ್ಮಿನೊ ಇನ್ನೊಮ್ಮೆ ಕ್ಷೌರ ಮಾಡಿಸಿಕೊಳ್ಳುತ್ತಿದ್ದ. ಕೆಲವು ವಾರ ಅವನ ಕೆನ್ನೆ ನೋಡಿದರೆ ಅಯ್ಯೋ ಎನಿಸುತ್ತಿತ್ತು.

ಆ ಮಾರ್ಚ್‌ನಲ್ಲಿ ಕಪ್‌ನ ಕೊನೆಯ ಆಟಕ್ಕೆ ಚೆಂಡು ಎಸೆಯಲು ಇದ್ದವರು ಇಬ್ಬರೇ. ನಿಕಾನೋರನಿಗೆ ಇಪ್ಪತ್ತೆರಡು ವರ್ಷ. ಅವನ ಚೆಂಡು ಹೋಗುವುದು ಕಾಣುತ್ತಿರಲಿಲ್ಲ, ಹಿಡಿಯುವವನ ಗವಸಿನಲ್ಲಿ ಸದ್ದು ಮಾತ್ರ ಕೇಳುತ್ತಿತ್ತು. ಮುಂದಿನ ತಿಂಗಳು ಹವಾನಾದಿಂದ ಅವನನ್ನು ದೊಡ್ಡ ತಂಡಕ್ಕಾಗಿ ನೋಡಲು ಜನ ಬರುವವರಿದ್ದರು. ಫ್ಲೊರೆಂಸಿಯೊಗೆ ಮೂವತ್ತೊಂಬತ್ತು. ಬೆಳಗ್ಗೆ ಬೇಕರಿಯಲ್ಲಿ ಹಿಟ್ಟು ನಾದಿ, ಮಧ್ಯಾಹ್ನ ಅದೇ ಭುಜದಲ್ಲಿ ಚೆಂಡು ಎಸೆಯುತ್ತಿದ್ದ. ನಿಕಾನೋರ್ ಹಿಂದಿನ ಶನಿವಾರವಷ್ಟೇ ಹನ್ನೊಂದು ಇನಿಂಗ್ಸ್ ಎಸೆದಿದ್ದ.

ಬುಧವಾರ ಅವನು ಸೀಟಿಯ ಮನೆಗೆ ಬಂದ. ಆವಿಯ ಕೊಳವೆಯ ಪಕ್ಕ ಕೂತು ಭುಜವನ್ನು ಅದಕ್ಕೆ ಒತ್ತಿ ಹಿಡಿದ. ನಾನು ಕಾಫಿ ಕೊಟ್ಟೆ. ಎಡಗೈಯಲ್ಲಿ ತೆಗೆದುಕೊಂಡ, ಲೋಟ ಬಾಯಿಯವರೆಗೆ ಹೋಗಲಿಲ್ಲ.

"ಎಪಿಫಾನಿಯೊ ಮಾಮ, ಯಾರಿಗೂ ಹೇಳ್ಬೇಡ. ಮೂರು ದಿನದಿಂದ ಹಿಂಗೇ ಆಗಿದೆ. ಒಳಗೆ ಏನೋ ಹರೀತಾ ಇರೋ ಹಂಗೆ ಅನ್ಸುತ್ತೆ."

"ಬೆಲಾರ್ಮಿನೊಗೆ ಹೇಳಿದ್ಯಾ?"

"ನಾಳೆ ಹೇಳ್ತೀನಿ. ಈ ಭಾನುವಾರ ಒಂದು ಬಿಟ್ಟುಬಿಡ್ತೀನಿ. ಎರಡು ವಾರ ಸುಮ್ನಿದ್ರೆ ಸರಿ ಹೋಗುತ್ತೆ. ಆಗುತ್ತಲ್ಲ ಮಾಮ?"

"ಆಗುತ್ತೆ ಬಿಡೋ" ಅಂದೆ. ನಾನೇನು ವೈದ್ಯನೇ? ಆದರೆ ಆ ಭುಜವನ್ನು ಕೈಯಿಂದ ಮುಟ್ಟಿ ನೋಡಿದವನು ಊರಿನಲ್ಲಿ ನಾನೊಬ್ಬನೇ. ಆವಿಯ ಕೊಳವೆಗಿಂತ ಅದೇ ಹೆಚ್ಚು ಬಿಸಿಯಾಗಿತ್ತು.

ಗುರುವಾರ ಬೆಂಚು ತುಂಬಿತು. ಇಪ್ಪತ್ತೊಂದು ಜನ, ನಾನು, ಗುಮೆರ್ಸಿಂದೊ. ಒಳಗೆ ಟವಲಿನ ಕೆಳಗೆ ಬೆಲಾರ್ಮಿನೊ. ನಿಕಾನೋರ್ ಕೋಚಿಗಾಗಿ ಕಾಯುತ್ತಾ ಕಾರಂಜಿಯ ಕಟ್ಟೆಯ ಮೇಲೆ ಕೂತಿದ್ದ. ನಾನು ಸುಮ್ಮನಿರಬಹುದಿತ್ತು. ಸುಮ್ಮನಿರಬೇಕೆಂದೇ ಬಂದಿದ್ದೆ. ಗುಮೆರ್ಸಿಂದೊ ಸೋಪಿನ ಬ್ರಷ್ಷು ಹಿಡಿದು ಬಾಗಿಲಿಗೆ ಬಂದ.

"ಫ್ಲೊರೆಂಸಿಯೊ ಚೆಂಡು ನಿಧಾನ ಅಂತೀರಿ. ಹೌದಪ್ಪಾ, ನಿಧಾನ. ಪಾಲ್ಮಾರೆಹೊದೋರು ಎರಡು ಸಲ ಬ್ಯಾಟು ಬೀಸಿ, ಸುಸ್ತಾಗಿ ನಿಂತ್ಮೇಲೆ ಬರುತ್ತೆ. ಅದೇ ಅದರ ಚೆಂದ."

ಎಲ್ಲರೂ ನಕ್ಕರು. ನನಗೂ ನಗು ಬಂತು, ಬಾಯಿತಪ್ಪಿ ಅಂದುಬಿಟ್ಟೆ: "ನಿನ್ನ ಫ್ಲೊರೆಂಸಿಯೊ ಚೆಂಡು ಬಂದು ಮುಟ್ಟೋಷ್ಟರಲ್ಲಿ ನನ್ನ ಕಾಫಿ ಆರಿಹೋಗುತ್ತೆ."

ಆಗ ಅವನು ನನ್ನ ಕಡೆ ತಿರುಗಿದ. "ಓಹೋ, ಸೀಟಿಯವರು ಮಾತಾಡಿದ್ರು. ಎಪಿಫಾನಿಯೊ, ನಿಂಗೆ ಗೊತ್ತಿರೋದು ಎರಡೇ ಮಾತು ಕಣೋ. ಒಳಗೆ ಹೋಗಿ, ಹೊರಗೆ ಬನ್ನಿ. ಹನ್ನೊಂದು ಸಲ ನನ್ನೆದುರು ವಾದ ಸೋತಿದ್ದೀಯ. ನಿನ್ನ ಹಿಂದೆ ಯಾವತ್ತಾದ್ರೂ ಒಂದು ನಾಯಿ ಆದ್ರೂ ಬಂದು ನಿಂತಿದ್ಯಾ?"

ಸಭಿಕರೇ, ಅದು ನಿಜವಾಗಿತ್ತು. ನಾನು ಎದ್ದು ನಿಂತೆ.

ಏನು ಮಾತಾಡಿದೆ? ಇಂದಿಗೂ ಒಂದೊಂದು ಮಾತೂ ನೆನಪಿದೆ. ಇಪ್ಪತ್ತು ನಿಮಿಷ ಮಾತಾಡಿದೆ. ನಿಕಾನೋರನ ತಂದೆ ಕಬ್ಬು ಕಡಿದ ಕೈಯಿಂದ ಶುರುಮಾಡಿ ಮಗನ ಕೈವರೆಗೆ ಬಂದೆ. ಈ ಊರಿನಲ್ಲಿ ಹುಟ್ಟಿದ ಅಂಥ ಕೈ ಇನ್ನೊಂದಿಲ್ಲ ಅಂದೆ. ಯಾರೋ, "ಶನಿವಾರ ತಾನೇ ಹನ್ನೊಂದು ಇನಿಂಗ್ಸ್ ಎಸೆದಿದ್ದಾನೆ, ದಣಿದಿರಲ್ವಾ?" ಎಂದು ಕೇಳಿದರು. ಜನ ನನ್ನತ್ತ ವಾಲಿದ್ದರು, ಅದು ನನಗೆ ಕಾಣುತ್ತಿತ್ತು. ಕಿಟಕಿಯೊಳಗೆ ಟವಲಿನ ಒಂದು ತುದಿ ಮೇಲೆದ್ದಿತ್ತು. ಆಗ ನಾನು ಹೇಳಿದೆ: "ದಣಿವಾ? ನಿನ್ನೆ ಆ ಭುಜ ಮುಟ್ಟಿ ನೋಡಿದೋನು ನಾನು. ಕುಲುಮೆಯಿಂದ ಈಗಷ್ಟೇ ತೆಗೆದ ಕಬ್ಬಿಣ ಇದ್ದಂಗಿದೆ."

ಹದಿನೇಳು ಜನ ಬಂದು ನನ್ನ ಹಿಂದೆ ನಿಂತರು. ಬೆನ್ನಿಗೆ ಅವರ ಉಸಿರು ತಾಗುತ್ತಿತ್ತು. ಗುಮೆರ್ಸಿಂದೊನ ಹಿಂದೆ ನಾಲ್ಕೇ ಜನ. ಅವನು ಬ್ರಷ್ಷನ್ನು ಎಡಗೈಗೆ ಬದಲಾಯಿಸಿ ನನ್ನ ಕೈ ಕುಲುಕಿದ, "ಇವತ್ತು ನೀನು ಮನುಷ್ಯ ಆದೆ" ಅಂದ. ಒಂದು ಗಂಟೆಯ ಹೊತ್ತು ಇಪ್ಪತ್ತಮೂರು ಜನ ಒಂದು ಕೈಯ ಬಗ್ಗೆ ಚರ್ಚೆ ಮಾಡಿದೆವು. ಆ ಕೈಯವನು ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದ. ತಿರುಗಿ ಅವನನ್ನು ಕೇಳಿದವರು ಯಾರು? ಒಬ್ಬರೂ ಇಲ್ಲ.

ಜನ ಚದುರಿದ ಮೇಲೆ ನಿಕಾನೋರ್ ನನ್ನ ಬಳಿ ಬಂದ. ಸಿಟ್ಟಿರಲಿಲ್ಲ. ಮುಖ ಹಗುರವಾಗಿತ್ತು, ಅದೇ ನನ್ನನ್ನು ಇಂದಿಗೂ ಕಾಡುವುದು.

"ಮಾಮ, ಮುಟ್ಟಿ ನೋಡಿದೋನು ನೀನು. ನೀನೇ ಹಂಗಂದ್ಮೇಲೆ ಅದೇನೂ ದೊಡ್ಡದಲ್ಲ ಅಂತಾಯ್ತು. ನಾನೇ ಸುಮ್ನೆ ಹೆದರಿಕೊಂಡಿದ್ದೆ."

ಬೆಲಾರ್ಮಿನೊಗೆ ಅವನು ಏನೂ ಹೇಳಲಿಲ್ಲ. ಆಗಲೂ ನಾನು ಬಾಯಿ ಬಿಡಬಹುದಿತ್ತು. ಶುಕ್ರವಾರ ಇತ್ತು, ಶನಿವಾರ ಇತ್ತು. ನಾನು ದಿನಕ್ಕೆ ಆರು ಸಲ ಸೀಟಿ ಊದಿದೆ, ದಾರಿಯಲ್ಲಿ ಸಿಕ್ಕವರೆಲ್ಲ ಬೆನ್ನು ತಟ್ಟಿದರು, ನನಗೆ ಹಿತವಾಗಿತ್ತು. ಮೈನೋವಿನ ಸುದ್ದಿ ಹೊರಗೆ ಆಡಬಾರದು ಎಂಬುದು ಬೆಂಚಿನ ಕಟ್ಟುಪಾಡು ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಮೂವತ್ತೆಂಟು ವರ್ಷ ಅದನ್ನೇ ಹೇಳಿಕೊಂಡೆ.

ಭಾನುವಾರ ಏಳನೇ ಇನಿಂಗ್ಸ್‌ನಲ್ಲಿ ಅವನು ನಕ್ಕು ಚೆಂಡು ಕೊಡಲಿಲ್ಲ. ಎಸೆದ ಚೆಂಡು ಹತ್ತಡಿ ದೂರದಲ್ಲಿ ನೆಲಕ್ಕೆ ಬಿತ್ತು, ಕೈಜಾರಿತು ಎಂದುಕೊಂಡರು ಜನ. ಅವನು ಅದನ್ನೇ ನೋಡುತ್ತಾ ನಿಂತ. ತುಟಿ ಕಚ್ಚಿಕೊಂಡಿದ್ದ, ದೂರದಿಂದ ಅದು ನಗುವಿನ ಹಾಗೆ ಕಂಡಿತು. ಫ್ಲೊರೆಂಸಿಯೊ ಬಂದು, ತನ್ನ ನಿಧಾನದ ಚೆಂಡಿನಿಂದಲೇ ಉಳಿದ ಆಟ ಮುಗಿಸಿದ. ಕಪ್ ತಂದದ್ದು ಆ ಬೇಕರಿಯವನ ಕೈ. ಅವನಿಗೆ ನಾವು ಫಲಕ ಮಾಡಿಸಲಿಲ್ಲ. ಈಗ ಅವನಿಲ್ಲ. ಹವಾನಾದವರು ನಿಕಾನೋರನನ್ನು ನೋಡಲು ಬರಲೂ ಇಲ್ಲ. ಅವನ ಎಡಗೈ ಮತ್ತೆ ಭುಜದ ಮೇಲಕ್ಕೆ ಏಳಲಿಲ್ಲ. ಅದು ಆಮೇಲೆ ಯಾವಾಗಲೋ ಕೆಟ್ಟಿತು ಎಂದು ಊರು ತಿಳಿದುಕೊಂಡಿತು. ನಾನು ಅವನನ್ನು ಸೀಟಿಯ ಮನೆಗೆ ಸೇರಿಸಿಕೊಂಡೆ. ಕಾರ್ಖಾನೆ ಮುಚ್ಚುವವರೆಗೆ ಹದಿನೈದು ವರ್ಷ ಇಬ್ಬರೂ ಅಲ್ಲಿ ಎದುರುಬದುರು ಕೂತೆವು. ಅವನು ಬಲಗೈಯಲ್ಲಿ ಹಗ್ಗ ಎಳೆಯುತ್ತಿದ್ದ. ಆ ಗುರುವಾರದ ಮಾತನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇದನ್ನು ಸ್ನೇಹ ಎಂದು ಊರು ಹೊಗಳಿತು.

ಮುಂದಿನ ಭಾನುವಾರ ಮತ್ತೆ ಪಾಲ್ಮಾರೆಹೊ ಎದುರು ಆಟವಿದೆ. ಯೋರ್ದಾನಿ ಎಸೆಯಬೇಕೋ, ಮಾಯ್ಕೆಲ್ ಎಸೆಯಬೇಕೋ ಎಂದು ಈ ವಾರವೆಲ್ಲ ಬೆಂಚು ಬಿಸಿಯಾಗಿದೆ. ಇಬ್ಬರೂ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಬೆಂಚಿನ ಅತಿ ಹಳೆಯ ಸದಸ್ಯನಾಗಿ ನಾನು ಒಂದೇ ಒಂದು ಕೇಳಿಕೊಳ್ಳುತ್ತೇನೆ. ಮೈನೋವಿನ ಆ ಕಟ್ಟುಪಾಡನ್ನು ಇಂದೇ ತೆಗೆದುಹಾಕಿ. ವಾದಕ್ಕೆ ಮೊದಲು ಎಸೆಯುವವನನ್ನೇ ಕರೆದು, ಭುಜ ಹೇಗಿದೆಯಪ್ಪಾ ಎಂದು ಕೇಳಿ. ಅತಿಥಿಗಳು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಅದರಿಂದ ಒಂದು ಆಟ ಹೋದರೆ ಹೋಗಲಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಒಂದೇ ಮಾತು ಉಳಿದಿದೆ.

ಗುಮೆರ್ಸಿಂದೊ ಸೋಮವಾರ ಸಂಜೆ ತನ್ನ ಕಥೆ ಹೇಳಿದ ಅಂದೆನಲ್ಲ, ಅದನ್ನು ಕೇಳಿದ ಬೆಂಚಿನವರು ಮರುದಿನ ಬೆಳಗ್ಗೆ ನಿಕಾನೋರನ ಮನೆ ಮುಂದೆ ಸಾಲಾಗಿ ನಿಂತರು. ಒಬ್ಬನ ಕೈಯಲ್ಲಿ ಕೋಳಿ, ಇನ್ನೊಬ್ಬನ ಕೈಯಲ್ಲಿ ಬಾಳೆಗೊನೆ, ಮತ್ತೊಬ್ಬನ ಕೈಯಲ್ಲಿ ರಮ್ ಸೀಸೆ. ನಿಕಾನೋರ್ ಜಗಲಿಯ ಕುರ್ಚಿಯಲ್ಲಿ ಕೂತಿದ್ದ. ಎಲ್ಲರಿಗೂ ಬೇಕಾಗಿದ್ದದ್ದು ಆ ಎಡಗೈಯನ್ನು ಒಮ್ಮೆ ಕುಲುಕುವುದು. ಅವನು ಬಲಗೈಯಿಂದ ಎಡಗೈಯನ್ನು ಮಡಿಲಿನಿಂದ ಎತ್ತಿ ಒಬ್ಬೊಬ್ಬರಿಗೂ ಕೊಡುತ್ತಿದ್ದ. ಎರಡೂ ಕೈ ಸೇರಿಸಿ ಕೊಡುತ್ತಿದ್ದಾನೆ, ಎಂಥ ವಿನಯ ಎಂದು ಅವರು ಮಾತಾಡಿಕೊಂಡರು. ಸಾಲಿನ ಕೊನೆಯಲ್ಲಿ ನಾನಿದ್ದೆ. ಎಲ್ಲ ತಿಳಿದೂ ಎಲ್ಲರ ಹಾಗೆ ಆ ಎಡಗೈಗೇ ಕೈ ಚಾಚಿದೆ. ನಿಕಾನೋರ್ ನನ್ನ ಮುಖ ನೋಡಿದ. ಎಡಗೈಯನ್ನು ಮಡಿಲಲ್ಲೇ ಬಿಟ್ಟು, ನನಗೆ ಬಲಗೈ ಕೊಟ್ಟ.

ಈಗ ಈ ಫಲಕ ಹಿಡಿದು ಅವನ ಬಳಿ ಇಳಿದು ಹೋಗುತ್ತೇನೆ. ಅವನು ತೆಗೆದುಕೊಳ್ಳದಿದ್ದರೆ ಯಾರೂ ಒತ್ತಾಯ ಮಾಡಬೇಡಿ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೂ, ಮೂವತ್ತೆಂಟು ವರ್ಷ ಬಾಯಿ ಬಿಡದ ಅವನಿಗೂ ಧನ್ಯವಾದ. ನಮಸ್ಕಾರ.