ಮಸಿ ಮೆತ್ತಿದ ಹಕ್ಕಿ

ಸ್ವಾನ್ಸಿಯ ಅಂಚೆ ಕಚೇರಿಯ ಸಾಲಿನಲ್ಲಿ ಮುಂದಿದ್ದ ಗೆಳತಿಯರಿಬ್ಬರ ಜಟಾಪಟಿ ಎನಿಡ್‌ಳ ಕಿವಿಗೆ ತಾನಾಗಿಯೇ ಬೀಳುತ್ತಿತ್ತು. ಗ್ಲೆನಿಸ್ ಎಂಬವಳ ಕೈಯಲ್ಲಿ ಮನೆಯಲ್ಲೇ ಅಚ್ಚೊತ್ತಿ ಬಣ್ಣ ಹಾಕಿದ ಕ್ರಿಸ್‌ಮಸ್ ಕಾರ್ಡು. ಅದರ ಕೆಂಪೆದೆಯ ರಾಬಿನ್ ಹಕ್ಕಿಯ ಮುಖವೆಲ್ಲ ಕಪ್ಪು.

“ಅಚ್ಚಿನ ಮಸಿ ನೀರಿಗೆ ಕರಗತ್ತೆ, ಬಣ್ಣದ ಪೆನ್ಸಿಲ್ ಹಾಕು ಅಂತ ಬಡ್ಕೊಂಡೆ, ಗ್ಲೆನಿಸ್!”

“ಪೆನ್ಸಿಲಲ್ಲಿ ಎದೆಯ ಕೆಂಪು ಸಪ್ಪೆಯಾಗತ್ತೆ ಕಣೇ ಮೇವಿಸ್. ಅದಕ್ಕೇ ಜಲವರ್ಣ ಹಚ್ಚಿದೆ.”

“ಈಗ ನೋಡು, ಹೊಗೆಗೂಡಿಂದ ಬಿದ್ದ ಹಾಗಿದೆ. ಇಲ್ಲೇ ಒಂದು ಅಂಗಡಿ ಕಾರ್ಡು ತಗೊಂಡು ಕಳಿಸು.”

“ಮಾತು ಬಿಟ್ಟಿರೋ ಅಕ್ಕನಿಗೆ ಅಂಗಡಿದಾ? ನನಗಿನ್ನೂ ಕೋಪ ಇದೆ ಅಂದ್ಕೋತಾಳೆ.”

“ಇದನ್ನ ನೋಡಿದ್ರೆ ನಗ್ತಾಳೆ ಅಷ್ಟೆ.”

“ನಗಲ್ಲ, ಬೈತಾಳೆ. ಮುಂಚೆಯೂ ಇದೇ ತಪ್ಪಿಗೆ ಬೈತಿದ್ದಳು.”

ಕಿಟಕಿ ಖಾಲಿಯಾಯಿತು. ಗ್ಲೆನಿಸ್ ಕಾರ್ಡನ್ನು ಲಕೋಟೆಗೆ ತುರುಕಿ ಮುಂದೆ ನಡೆದಳು.

“ಬೈಯೋಕಾದ್ರೂ ಫೋನ್ ಮಾಡ್ಲಿ.”