ಮೇಜಿನ ಮೇಲೆ ಮಾತಾಡಿದ ರೇಡಿಯೋ

ಸೇನೆಯ ರಿಪೇರಿ ಶೆಡ್ಡಿನೆದುರಿನ ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ಯಾರೋ ಅಕ್ಕ, ತಮ್ಮ ನಿಂತಿದ್ದರು. ಇಬ್ಬರೂ ಸಮವಸ್ತ್ರದಲ್ಲಿದ್ದರು, ಅಕ್ಕನ ತೋಳಿನ ಮೇಲೆ ಒಂದು ಪಟ್ಟಿ ಹೆಚ್ಚಿತ್ತು.

“ಗಾಡಿ ರೇಡಿಯೋ ಬಿಚ್ಚು ಅಂತ ನಿನಗ್ಯಾರೋ ಹೇಳಿದ್ದು?”

“ಒಳಗೆ ತಂತಿ ಬಿಟ್ಟುಹೋಗಿತ್ತು ಅಕ್ಕ. ಬೆಸುಗೆ ಹಾಕ್ದೆ, ಸರಿಹೋಯ್ತು.”

“ನಿನ್ನದು ಕೆಳಗಿನ ದರ್ಜೆ. ಕೆಟ್ಟ ಪೆಟ್ಟಿಗೆ ತೆಗೆದು ಬೇರೆ ಪೆಟ್ಟಿಗೆ ಕೂರಿಸೋದಷ್ಟೇ ನಿನ್ನ ಕೆಲಸ. ಒಳಗೆ ಕೈಹಾಕೋಕೆ ನಾವಿದೀವಿ.”

“ಬೇರೆ ಪೆಟ್ಟಿಗೆ ಇರ್ಲಿಲ್ಲ, ಆ ಗಾಡಿ ಓಡಿಸೋ ಭಾವಂಗೂ ಹೊರಡೋ ಅವಸರ. ದರ್ಜೆ ದರ್ಜೆ ಅಂತ ತಲೆ ತಿನ್ಬೇಡ. ಮೇಜಿನ ಮೇಲೆ ಚೆನ್ನಾಗೇ ಮಾತಾಡ್ತು.”

“ಮೇಜಿನ ಮೇಲೆ ಎಲ್ಲಾ ಮಾತಾಡುತ್ತೆ! ಕುಲುಕೋ ಮೆಷಿನ್ ಮೇಲಿಟ್ಟು ನೋಡಿದ್ಯಾ?”

“ಅದ್ಯಾಕೆ?”

ಅಕ್ಕ ಹಣೆ ಚಚ್ಚಿಕೊಂಡಳು. “ಮೇಲಿನ ದರ್ಜೇಲಿ ಅದನ್ನೇ ಕಣೋ ಕಲಿಸೋದು! ಬೆಟ್ಟದ ಹಾದೀಲಿ ಗಾಡಿ ಎತ್ತಿಹಾಕಿದ್ರೆ ನಿನ್ನ ಬೆಸುಗೆ ನಿಲ್ಲುತ್ತಾ?”



ಬಸ್ಸು ಬಂತು. ಅಕ್ಕ ಅವನ ತೋಳು ಹಿಡಿದು ಸಾಲಿನಿಂದಾಚೆ ಎಳೆದಳು.

“ನಡಿ ಶೆಡ್ಡಿಗೆ. ನಿಮ್ ಭಾವನ್ನ ವಾಪಸ್ ಕರೀಬೇಕು.”

“ಹೇಗೆ?”

“ಅದೇ ರೇಡಿಯೋದಲ್ಲಿ! ಅದು ಸಾಯೋದ್ರೊಳಗೆ!”

ಇಬ್ಬರೂ ಗೇಟಿನತ್ತ ಓಡಿದರು.